ಪಾಠದ ಪಕ್ಕದ ಕಪ್ಪು ಬಿಳಿ ಚೌಕ

ಮಕ್ಕಳ ಪಠ್ಯಪುಸ್ತಕ ತೆಗೆದು ನೋಡಿ. ಪಾಠದ ಪಕ್ಕ ಒಂದು ಕ್ಯೂಆರ್ ಕೋಡ್ ಕಾಣುತ್ತೆ. 1994ರಲ್ಲಿ ಜಪಾನಿನಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಅಂತ ಹುಟ್ಟಿದ್ದು ಇದು!

ಮೂರು ಮೂಲೆಯ ದೊಡ್ಡ ಚೌಕಗಳಿಂದ ಪುಸ್ತಕ ಯಾವ ಕಡೆ ತಿರುಗಿದೆ ಅಂತ ಕ್ಯಾಮೆರಾಗೆ ಗೊತ್ತಾಗುತ್ತೆ. ಉಳಿದ ಚುಕ್ಕಿಗಳಲ್ಲಿ ಇರೋದು ಆ ಪಾಠದ ವಿಳಾಸ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದ್ರೆ, ಆ ಪಾಠಕ್ಕೆ ಸೇರಿಸಿರೋ ವಿಡಿಯೋಗಳು, ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ಹೃದಯದ ಪಾಠ ತಗೊಳ್ಳಿ. ಬೋರ್ಡ್ ಮೇಲೆ ಎಷ್ಟೇ ಚೆಂದ ಬರೆದ್ರೂ ಚಿತ್ರ ಅಲುಗಾಡಲ್ಲ. ವಿಡಿಯೋದಲ್ಲಿ ಕವಾಟ ತೆರೆದು ಮುಚ್ಚೋದು, ರಕ್ತ ಒಂದೇ ದಿಕ್ಕಿಗೆ ನುಗ್ಗೋದು ಕಣ್ಣಿಗೇ ಕಾಣುತ್ತೆ. ಆದ್ರೆ ನನ್ನ ಪ್ರಕಾರ ನಿಜವಾದ ಕಲಿಕೆ ಶುರುವಾಗೋದು ಟೀಚರ್ ವಿಡಿಯೋ ನಿಲ್ಲಿಸಿದಾಗ. "ಈ ಕವಾಟ ಸರಿಯಾಗಿ ಮುಚ್ಚದಿದ್ರೆ ರಕ್ತ ಎಲ್ಲಿಗೆ ಹೋಗುತ್ತೆ, ಹೇಳಿ ನೋಡೋಣ?" ಮಕ್ಕಳು ಊಹಿಸ್ತಾರೆ, ವಾದ ಮಾಡ್ತಾರೆ, ಮತ್ತೆ ಹಾಕಿ ನೋಡ್ತಾರೆ.

ಕಷ್ಟ ಇರೋದು ಮನೆಯಲ್ಲಿ. ಎಷ್ಟೋ ಮನೆಗಳಲ್ಲಿ ಇರೋ ಒಂದು ಫೋನ್ ಅಪ್ಪನ ಜೇಬಲ್ಲಿ, ಕೆಲಸಕ್ಕೆ ಹೋಗಿರುತ್ತೆ. 2020ರ ಕೊರೊನಾ ಕಾಲದಲ್ಲಿ ಇದೇ ಕಾರಣಕ್ಕೆ ಕರ್ನಾಟಕದಲ್ಲಿ ಚಂದನ ಟಿವಿಯಲ್ಲಿ 'ಸಂವೇದ' ಪಾಠ ಬಂತು. 'ವಿದ್ಯಾಗಮ' ಯೋಜನೆಯಲ್ಲಿ ಮೇಷ್ಟ್ರುಗಳೇ ಮಕ್ಕಳಿರೋ ಕಡೆ ಹೋಗಿ, ಮರದ ನೆರಳಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕಲಿಸಿದ್ರು. ಆ ಶ್ರಮಕ್ಕೆ ನಾನು ಕೈಮುಗೀತೀನಿ.

ಟೀಚರ್‌ಗಳೇ, ನಾಳೆಯ ವಿಡಿಯೋ ಇವತ್ತೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಇಲ್ಲದಿದ್ರೂ ಓಡುತ್ತೆ. ಅಪ್ಪ ಅಮ್ಮಂದಿರೇ, ಸಂಜೆ ಅರ್ಧ ಗಂಟೆ ಫೋನ್ ಮಗುವಿಗೆ ಕೊಟ್ಟು, ಪಕ್ಕದಲ್ಲೇ ಕೂತು ನೀವೂ ನೋಡಿ.