ರಾಜಗೋಪಾಲನಗರದ ಮಂದ್ರ

ಪೀಣ್ಯ ಎರಡನೇ ಹಂತದ ಕಡೆಯಿಂದ ರಾಜಗೋಪಾಲನಗರಕ್ಕೆ ಬಂದು ಅಡ್ಡರಸ್ತೆಗೆ ಇಳಿದರೆ ಮೊದಲು ಮೂಗಿಗೆ ಪೌಡರ್ ಕೋಟಿಂಗ್ ವಾಸನೆ ಬಡಿಯುತ್ತದೆ. ಆಮೇಲೆ ಸಾಲಾಗಿ ಲೇತ್ ಶೆಡ್‌ಗಳು. ಅವು ಮುಗಿದಲ್ಲಿ ರಸ್ತೆಬದಿಗೆ ಒಂದು ಟ್ರಾನ್ಸ್‌ಫಾರ್ಮರ್. ಅದರ ಎದುರಿನ ಹತ್ತಡಿ ಅಗಲದ ಮಳಿಗೆಗೆ ಬೋರ್ಡಿಲ್ಲ. ಒಳಗೆ ಗೋಡೆಗೆ ಒರಗಿಸಿಟ್ಟ ಆರೇಳು ಬೇಸ್ ಗಿಟಾರ್‌ಗಳು, ಬಿಚ್ಚಿಟ್ಟ ಆಂಪ್ಲಿಫೈಯರ್‌ಗಳು, ಕಾಯಿಲ್ ಸುತ್ತುವ ಒಂದು ಯಂತ್ರ. ನಾನು ಹೋದದ್ದು ಮಧ್ಯಾಹ್ನ. ಊಟದ ಹೊತ್ತಾಗಿ ಸುತ್ತಲಿನ ಲೇತ್‌ಗಳು ಒಂದೊಂದಾಗಿ ನಿಂತವು. ಉಳಿದದ್ದು ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗುಡುವ ಸದ್ದು ಮಾತ್ರ.

"ಈಗ ಕೇಳಿ ಸರ್" ಎಂದರು ಮಾಸ್ಟರ್. ಪೇಪರಿನಲ್ಲಿ ಹೆಸರು ಬೇಡ ಅಂದಿದ್ದಾರೆ. ವಾದ್ಯಗೋಷ್ಠಿಯವರೆಲ್ಲ ಕರೆಯುವ ಹಾಗೆ ನಾನೂ ಮಾಸ್ಟರ್ ಎಂದೇ ಬರೆಯುತ್ತೇನೆ. ತೊಡೆಯ ಮೇಲಿದ್ದ ಬೇಸ್ ಗಿಟಾರ್‌ನ ಕೊನೆಯ ತಂತಿಯನ್ನು, ನಾಲ್ಕರಲ್ಲಿ ಎಲ್ಲಕ್ಕಿಂತ ಸಣ್ಣದನ್ನು, ಎಲ್ಲೂ ಒತ್ತದೆ ಮೀಟಿದರು. ಆ ನಾದವೂ ಹೊರಗಿನ ಗುಂಯ್ ಸದ್ದೂ ಕೂಡಿಕೊಂಡು ವಾಂ... ವಾಂ... ವಾಂ... ಎಂದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯತೊಡಗಿದವು. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು. ಟ್ರಾನ್ಸ್‌ಫಾರ್ಮರ್ ಒಳಗಿನ ಕಬ್ಬಿಣದ ತಗಡುಗಳು ಪ್ರತಿ ಸುತ್ತಿಗೆ ಎರಡು ಸಲ ಅದುರುತ್ತವೆ, ಹಾಗಾಗಿ ಅದರ ಸದ್ದು 100 ಹರ್ಟ್ಸ್. ಬೇಸ್ ಗಿಟಾರ್‌ನ ಜಿ ತಂತಿಯದು 98. ಎರಡರ ನಡುವಿನ ವ್ಯತ್ಯಾಸವೇ ಸೆಕೆಂಡಿಗೆ ಎರಡು ಅಲೆಯಾಗಿ ಕೇಳುತ್ತದೆ. "ಇವತ್ತಿನ ಹುಡುಗರು ಶ್ರುತಿ ಮಾಡೋಕೆ ಫೋನ್ ನೋಡ್ತಾರೆ. ಅದೂ ಸರಿನೇ. ನನಗೆ ಬೆಸ್ಕಾಂನೋರು ಪುಕ್ಕಟೆ ತಂಬೂರಿ ಕೊಟ್ಟವ್ರೆ" ಎಂದು ಅವರು ಹೊರಗೆ ಕೈ ತೋರಿಸಿದರು. ಎರಡು ಅಲೆ ಎಣಿಸಿದರೆ ಜಿ ತಂತಿ ಸರಿ. ಉಳಿದ ಮೂರನ್ನು ಅದಕ್ಕೆ ಹೊಂದಿಸಿಕೊಂಡರಾಯಿತು.

ನಾನು ಅವರನ್ನು ಹುಡುಕಿಕೊಂಡು ಹೋಗಲು ಕಾರಣ ನನ್ನ ಅಕ್ಕನ ಮಗನ ಬೇಸ್ ಗಿಟಾರ್. ಒಂದು ದಿನ ಇದ್ದಕ್ಕಿದ್ದಂತೆ ಎರಡು ತಂತಿಗಳ ಸದ್ದು ಸತ್ತುಹೋಯಿತು. ನಗರದ ಮಧ್ಯದ ಅಂಗಡಿಯೊಂದರಲ್ಲಿ ತಂತಿಯ ಸದ್ದು ಹಿಡಿಯುವ ಪಿಕಪ್ ಹೋಗಿದೆ, ರಿಪೇರಿ ಆಗುವುದಿಲ್ಲ, ಹೊರದೇಶದಿಂದ ತರಿಸಬೇಕು ಎಂದರು. ಮಾಸ್ಟರ್ ಮಲ್ಟಿಮೀಟರ್ ಇಟ್ಟು ನೋಡಿ, "ಒಂದು ಕಾಯಿಲ್ ಹೋಗಿದೆ ಅಷ್ಟೇ. ನಾಳಿದ್ದು ಬನ್ನಿ" ಎಂದರು. ನಾನು ನಾಳಿದ್ದಿನವರೆಗೆ ಕಾಯಲಿಲ್ಲ. ಮರುದಿನವೇ ಹೋಗಿ ಪಕ್ಕದಲ್ಲಿ ಕೂತೆ.

ಬೇಸ್ ಗಿಟಾರ್ ಎಂದರೆ ಏನು ಎಂದು ಒಂದು ಮಾತು ಹೇಳಬೇಕು. ಮೊದಲು ಮಂದ್ರ ಸ್ಥಾಯಿಗೆ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಇದ್ದದ್ದು ಆಳೆತ್ತರದ, ನಿಂತು ನುಡಿಸುವ ಡಬಲ್ ಬೇಸ್. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಅದನ್ನು ಹೆಗಲಿಗೆ ನೇತುಹಾಕಿಕೊಳ್ಳುವ ಘನಮರದ ವಿದ್ಯುತ್ ವಾದ್ಯವಾಗಿ ಮಾಡಿ ಮಾರಿದರು. ವೀಣೆಯ ಮೆಟ್ಟಿಲಿನಂತೆ ಫ್ರೆಟ್ ಇರುವುದರಿಂದ ಸ್ವರ ಖಚಿತ, ಅದಕ್ಕೇ ಪ್ರಿಸಿಷನ್ ಬೇಸ್ ಎಂದು ಹೆಸರು. ನಾಲ್ಕು ತಂತಿ: ಇ, ಎ, ಡಿ, ಜಿ. ತಂತಿ ಅದುರುವ ಉದ್ದ 34 ಇಂಚು. ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅದನ್ನು ಕಿವಿಗಿಂತ ಮೊದಲು ಎದೆ ಕೇಳಿಸಿಕೊಳ್ಳುತ್ತದೆ. ಮೃದಂಗದ ಎಡಗೈ ನಿಂತರೆ ಕಚೇರಿ ಹೇಗೆ ಬಡವಾಗುತ್ತದೋ ಬೇಸ್ ನಿಂತರೆ ಹಾಡು ಹಾಗಾಗುತ್ತದೆ. ಕೇಳುಗನಿಗೆ ಏನೋ ಕಡಿಮೆ ಆಯಿತು ಎಂದು ಗೊತ್ತಾಗುತ್ತದೆ, ಏನು ಎಂದು ಹೇಳಲು ಬರುವುದಿಲ್ಲ.

ಮಾಸ್ಟರ್ ಕುಣಿಗಲ್ ಕಡೆಯವರು. ಐಟಿಐ ಮುಗಿಸಿ ಎಂಬತ್ತರ ದಶಕದಲ್ಲಿ ಪೀಣ್ಯಕ್ಕೆ ಬಂದರು. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾದ ಪೀಣ್ಯದಲ್ಲಿ ಆಗ ಕೈಕೆಲಸ ಬಲ್ಲವನಿಗೆ ಕೆಲಸ ಸಿಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಮತ್ತು ಮೋಟಾರ್ ವೈಂಡಿಂಗ್ ಮಾಡುವ ಸಣ್ಣ ಘಟಕವೊಂದರಲ್ಲಿ ಸೇರಿಕೊಂಡರು. ಹಗಲು ತಾಮ್ರದ ತಂತಿ ಸುತ್ತುವುದು, ರಾತ್ರಿ ರಸಮಂಜರಿ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ದಾಸರಹಳ್ಳಿ, ಎಲ್ಲ ಕಡೆ ಶಾಮಿಯಾನ. ಮೊದಲ ಬೇಸ್ ಕೋಲ್ಕತ್ತದಲ್ಲಿ ತಯಾರಾದ ಗಿವ್ಸನ್. ಶಿಫ್ಟ್ ಮುಗಿಸಿ, ಕೈಗೆ ಅಂಟಿದ ವಾರ್ನಿಷ್ ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಟೆಂಪೊ ಹತ್ತುತ್ತಿದ್ದರಂತೆ.

ಕಲಿತದ್ದು ಹೇಗೆ ಎಂದರೆ ಇಳಯರಾಜರ ಕ್ಯಾಸೆಟ್ ತಿರುಗಿಸಿ ತಿರುಗಿಸಿ. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ಮುಂದೆ ಅವರು ಶಂಕರ್‌ನಾಗ್ ನಿರ್ದೇಶನದ 'ಗೀತಾ'ಗೆ 1981ರಲ್ಲಿ, ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ'ಗೆ 1983ರಲ್ಲಿ ಸಂಗೀತ ಕೊಟ್ಟರು. ಆ ಹಾಡುಗಳಲ್ಲಿ ಬೇಸ್ ಬರೀ ತಾಳಕ್ಕೆ ಗುದ್ದುವುದಿಲ್ಲ, ಗಾಯಕರ ಕೆಳಗೆ ಇನ್ನೊಂದು ಹಾಡು ಹಾಡುತ್ತದೆ. ಒಮ್ಮೆ ಗಾಯನ ಬಿಟ್ಟು ಬೇಸ್ ಮಾತ್ರ ಹಿಡಿದು ಕೇಳಿ ನೋಡಿ, ನಿಮಗೂ ಗೊತ್ತಾಗುತ್ತದೆ. 1987ರ 'ಪ್ರೇಮಲೋಕ' ಬಂದ ಮೇಲೆ ಹಂಸಲೇಖರ ಹಾಡುಗಳಿಲ್ಲದೆ ಯಾವ ರಸಮಂಜರಿಯೂ ನಡೆಯಲಿಲ್ಲ, ಬೇಸ್ ನುಡಿಸುವವನಿಗೆ ಕೈತುಂಬ ಕೆಲಸ ಸಿಕ್ಕಿತು.

ಈಗ ಆ ಪಿಕಪ್ ವಿಷಯಕ್ಕೆ ಬರುತ್ತೇನೆ. ತಂತಿಯ ಕೆಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ಕಾಯಿಲ್. ಉಕ್ಕಿನ ತಂತಿ ಅದುರಿದರೆ ಕಾಯಿಲ್‌ನಲ್ಲಿ ಪುಟ್ಟ ಕರೆಂಟು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಪ್ರಿಸಿಷನ್ ಬೇಸ್‌ನಲ್ಲಿ 1957ರಿಂದ ಪಿಕಪ್ ಎರಡು ತುಂಡು, ಎರಡೆರಡು ತಂತಿಗೆ ಒಂದೊಂದು. ಅದೇ ಮಾದರಿಯ ಅಳಿಯನ ವಾದ್ಯದಲ್ಲಿ ಸತ್ತದ್ದು ಅರ್ಧ ಮಾತ್ರ. ಮಾಸ್ಟರ್ ಬ್ಲೇಡಿನಿಂದ ಹಳೆಯ ತಾಮ್ರವನ್ನೆಲ್ಲ ಕೊಯ್ದು ತೆಗೆದರು. ಕೂದಲಿನ ಉಂಡೆಯಂತೆ ಅದು ಮೇಜಿನ ಮೇಲೆ ಬಿತ್ತು. ಹೊಸ ತಂತಿ 46 ಗೇಜಿನದು, 0.06 ಮಿಲಿಮೀಟರ್ ದಪ್ಪ. ಬೆಳಕಿಗೆ ಹಿಡಿಯದಿದ್ದರೆ ಕಣ್ಣಿಗೇ ಕಾಣದು. ಉಸಿರು ಜೋರಾಗಿ ಬಿಟ್ಟರೆ ಹಾರುತ್ತದೆ.

ಸುತ್ತುವ ಯಂತ್ರ ತಿರುಗಿಸುವುದು ಮೋಟಾರ್, ತಂತಿಯನ್ನು ನಡೆಸುವುದು ಮಾತ್ರ ಬೆರಳು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ತುಂಡು ಫೆಲ್ಟ್ ಬಟ್ಟೆ, ಅದರ ನಡುವೆ ತಂತಿ. ಬಿಗಿ ಹೆಚ್ಚಾದರೆ ತುಂಡಾಗುತ್ತದೆ, ಸಡಿಲವಾದರೆ ಕಾಯಿಲ್ ಮೆತ್ತಗಾಗಿ ಮುಂದೆ ಕೀಚಲು ಸದ್ದು ಮಾಡುತ್ತದೆ. ಒಂದು ಕಾಯಿಲ್‌ಗೆ ಸುಮಾರು 10,000 ಸುತ್ತು. ಅಂಗೈಯಲ್ಲಿ ಮುಚ್ಚಿಹೋಗುವ ಆ ತುಂಡಿನೊಳಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ತಂತಿ ಕೂರುತ್ತದೆ. ಮಾಸ್ಟರ್ ಎಣಿಸುವ ಮೀಟರನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಬೆರಳಿನಲ್ಲಿ ಬಿಗಿ ನೋಡುತ್ತಿದ್ದರು. ನಾನು ಒಂದು ಪ್ರಶ್ನೆ ಕೇಳಲು ಬಾಯಿ ತೆರೆದಾಗ ಎಡಗೈ ಎತ್ತಿ ಸುಮ್ಮನಿರಿಸಿದರು. ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದರೆ ಐದೂವರೆ ಕಿಲೋಓಮ್. ಇನ್ನರ್ಧಕ್ಕೆ ಸರಿಜೋಡಿ.

ಆಮೇಲೆ ಮೇಣ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಕಾಯಿಲನ್ನು ಅದರಲ್ಲಿ ಮುಳುಗಿಸುತ್ತಾರೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಮೇಣ ಒಳಹೋಗುತ್ತದೆ. ಸುತ್ತುಗಳು ಅಲುಗದಂತೆ ಕೂರುತ್ತವೆ. ವೀಣೆಯ ಮೆಟ್ಟಿಲುಗಳನ್ನು ಕೂರಿಸುವುದೂ ಮೇಣದಲ್ಲೇ. ಆ ಕೋಣೆಯಲ್ಲಿ ಎದ್ದ ವಾಸನೆ ನನಗೆ ವೀಣೆ ಮಾಡುವವರ ಮನೆಯನ್ನೇ ನೆನಪಿಸಿತು. ಉಳಿದ ಬೆಸುಗೆ, ಜೋಡಣೆ ಹತ್ತು ನಿಮಿಷದ ಕೆಲಸ.

ಹೊಸದಾಗಿ ಕಲಿಯುವವರಿಗೆ ಮಾಸ್ಟರ್ ಹೇಳುವ ಬುದ್ಧಿಮಾತುಗಳಲ್ಲಿ ನನಗೂ ಪೂರ್ತಿ ಒಪ್ಪಿಗೆ ಇರುವುದರಿಂದ ಬರೆಯುತ್ತಿದ್ದೇನೆ. ಐದು, ಆರು ತಂತಿಯ ಬೇಸ್ ನೋಡಿ ಮರುಳಾಗಬೇಡಿ, ನಾಲ್ಕು ತಂತಿಯಲ್ಲಿ ಶುರು ಮಾಡಿ. ಕೈ ಚಿಕ್ಕದಿದ್ದರೆ 30 ಇಂಚಿನ ಬೇಸ್ ಸಿಗುತ್ತದೆ, ಅದರಲ್ಲಿ ಅವಮಾನವೇನಿಲ್ಲ. ಕೊಳ್ಳುವಾಗ ಬಣ್ಣ ಬಿಟ್ಟು ಕತ್ತು ನೋಡಿ: ಕತ್ತನ್ನು ಬಾಣದಂತೆ ಕಣ್ಣಿಗೆ ಹಿಡಿದು ನೋಡಿದರೆ ತಿರುಚಿದ್ದು ಗೊತ್ತಾಗುತ್ತದೆ. ಬಾಗಿದ್ದನ್ನು ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು, ತಿರುಚಿದ್ದನ್ನು ಆಗುವುದಿಲ್ಲ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ರಾಡ್ ನೋಡಿಸಿ.

ಆಂಪ್ಲಿಫೈಯರ್ ವಿಷಯದಲ್ಲಿ ಜನ ಮೋಸ ಹೋಗುವುದು ಹೆಚ್ಚು. ಮಾಮೂಲಿ ಗಿಟಾರ್‌ನ ಆಂಪ್ಲಿಫೈಯರ್‌ಗೆ ಬೇಸ್ ಹಾಕಿ ವಾಲ್ಯೂಮ್ ಏರಿಸಿದರೆ ಸ್ಪೀಕರ್ ಹರಿಯುತ್ತದೆ. ತಗ್ಗಿನ ಸ್ವರಕ್ಕೆ ಮನುಷ್ಯನ ಕಿವಿ ಮಂದ, ಹಾಗಾಗಿ ಗಿಟಾರ್‌ನವನ 50 ವ್ಯಾಟ್‌ಗೆ ಸಮನಾಗಿ ನಿಲ್ಲಲು ಬೇಸ್‌ನವನಿಗೆ ಹಲವು ಪಟ್ಟು ಬೇಕು. 1969ರಲ್ಲಿ ಆಂಪೆಗ್ ಕಂಪನಿ ದೊಡ್ಡ ಬಯಲು ಕಾರ್ಯಕ್ರಮಗಳಿಗೆಂದೇ 300 ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ತಂದದ್ದು ಈ ಕಾರಣಕ್ಕೆ. ಮನೆಯ ಅಭ್ಯಾಸಕ್ಕೆ 20 ವ್ಯಾಟ್ ಸಾಕು, ಡ್ರಮ್ಸ್ ಜೊತೆ ಅಭ್ಯಾಸಕ್ಕೆ 100, ವೇದಿಕೆಗೆ 300. ಅಷ್ಟು ದುಡ್ಡಿಲ್ಲವೇ, ಒಂದು ಡಿಐ ಬಾಕ್ಸ್ ತೆಗೆದುಕೊಂಡು ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ಗೆ ನೇರ ಕೊಡಿ. 8 ಓಮ್‌ನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ನಿಮ್ಮ ಆಂಪ್ಲಿಫೈಯರ್ ಅದನ್ನು ತಡೆಯುತ್ತದೆಯೇ ಎಂದು ಹಿಂಬದಿ ಬರೆದಿರುತ್ತದೆ, ಓದಿ.

ಇನ್ನೊಂದು ಮಾತನ್ನು ಮಾಸ್ಟರ್ ಧ್ವನಿ ಏರಿಸಿಯೇ ಹೇಳಿದರು. ಗುಂಯ್ ಸದ್ದು ಬರುತ್ತದೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. "ಮಾಡ್ಬೇಡಿ. ಜನರೇಟರ್ ಕರೆಂಟು, ಒದ್ದೆ ನೆಲ, ಕೈಯಲ್ಲಿ ಉಕ್ಕಿನ ತಂತಿ, ತುಟಿಗೆ ಕಬ್ಬಿಣದ ಮೈಕು. ಪ್ರಾಣ ಹೋಗುತ್ತೆ." 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ನಮ್ಮ ಪೆಂಡಾಲುಗಳ ವೈರಿಂಗ್ ನೋಡಿದವರಿಗೆ ಇದು ದೂರದ ಕಥೆ ಅನಿಸುವುದಿಲ್ಲ.

ಈಗ ಮಾಸ್ಟರ್ ವೇದಿಕೆ ಹತ್ತುವುದು ವರ್ಷಕ್ಕೆ ನಾಲ್ಕೈದು ಸಲ. ಕೀಬೋರ್ಡ್‌ಗಳು ತಾವೇ ತಾಳ, ಬೇಸ್ ಎಲ್ಲ ಕೊಡತೊಡಗಿದ ಮೇಲೆ ಮೊದಲು ಕೆಲಸ ಕಳೆದುಕೊಂಡವನು ಬೇಸ್‌ನವನು. ಅದಾದ ಮೇಲೆ ಟ್ರ್ಯಾಕ್ ಬಂತು: ಪೆನ್‌ಡ್ರೈವ್ ಚುಚ್ಚಿದರೆ ಪೂರ್ತಿ ವಾದ್ಯವೃಂದ, ಹಾಡುವವರು ಇಬ್ಬರಿದ್ದರೆ ಸಾಕು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮದಿಂದ ಹೊತ್ತೂ ಕಮ್ಮಿ, ಸಂಭಾವನೆಯೂ ಕಮ್ಮಿ. ನಿಯಮ ಸರಿಯಾದದ್ದೇ, ಮಲಗುವವರು ಮಲಗಬೇಕು. ಆದರೆ ಟ್ರ್ಯಾಕ್ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಗಾಯಕ ಉಸಿರಿಗೆ ಒಂದು ಕ್ಷಣ ನಿಂತರೆ ಟ್ರ್ಯಾಕ್ ಕಾಯುವುದಿಲ್ಲ, ಬೇಸ್ ನುಡಿಸುವ ಮನುಷ್ಯ ಕಾಯುತ್ತಾನೆ.

ನಗರದ ಇನ್ನೊಂದು ಕಡೆ ಬೇಸ್ ಚೆನ್ನಾಗಿಯೇ ಇದೆ. ರಘು ದೀಕ್ಷಿತ್ ತಂಡದಲ್ಲಿ ಗೌರವ್ ವಾಜ್, ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ನುಡಿಸಿ ಕನ್ನಡದ ಹಾಡುಗಳನ್ನು ಬಹಳ ದೂರ ಒಯ್ದಿದ್ದಾರೆ. 2011ರಲ್ಲಿ ರಘು ದೀಕ್ಷಿತ್ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿತು. ಬೀದಿಯ ಶಾಮಿಯಾನದಲ್ಲಿ ಮಾತ್ರ ಆ ಜಾಗ ಖಾಲಿ.

ಅಳಿಯನ ಬೇಸ್ ಸಿದ್ಧವಾದ ಸಂಜೆ ಮಾಸ್ಟರ್ ಅದನ್ನು ತಾವೇ ಕಟ್ಟಿದ 15 ಇಂಚಿನ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಇ ತಂತಿ ಮೀಟಿದರು. ಮೇಜಿನ ಮೇಲಿನ ಸ್ಕ್ರೂಗಳು ಅದುರಿದವು. ಪಕ್ಕದ ಶೆಡ್ಡಿನಿಂದ ಹುಡುಗನೊಬ್ಬ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ದಿನಾ ಬರುತ್ತಾನಂತೆ, ಸಿಎನ್‌ಸಿ ಯಂತ್ರ ನಡೆಸುವವನು. ಮಾಸ್ಟರ್ ಬೇಸನ್ನು ಅವನ ಹೆಗಲಿಗೆ ಹಾಕಿ, "ನಿನ್ನೇದು ನುಡ್ಸು" ಎಂದರು. ಅವನಿಗೆ ಬರುವುದು ಎರಡೇ ಹಾಡು. ಎರಡನ್ನೂ ತಪ್ಪಿಲ್ಲದೆ ನುಡಿಸಿದ.

ಈ ನವೆಂಬರ್‌ನಲ್ಲಿ ನಿಮ್ಮ ಬಡಾವಣೆಯ ಸಂಘದವರು ರಸಮಂಜರಿ ಗೊತ್ತುಮಾಡುವಾಗ ತಂಡದವರನ್ನು ಒಂದು ಮಾತು ಕೇಳಿ: ಬೇಸ್ ನುಡಿಸುವವರು ಇದ್ದಾರಾ? ಇಲ್ಲವೆಂದರೆ, ಒಬ್ಬರನ್ನು ಕರೆತನ್ನಿ, ಅವರ ಸಂಭಾವನೆ ನಾವು ಕೊಡುತ್ತೇವೆ ಎನ್ನಿ.