ವಾಡಿಕೆ ಮಳೆ, ಒಣಗಿದ ಹೊಲ

‘ಜಿಲ್ಲೆಯಲ್ಲಿ ವಾಡಿಕೆಯಷ್ಟು ಮಳೆ’ ಎಂಬ ಸುದ್ದಿ ಯಾದಗಿರಿ ಜಿಲ್ಲೆಯ ರೈತನಿಗೆ ಕೆಲವೊಮ್ಮೆ ಅಣಕದಂತೆ ಕೇಳಿಸುತ್ತದೆ. ಸುರಪುರದ ಕಡೆ ಹಳ್ಳ ತುಂಬಿ ಹರಿದಿರಬಹುದು. ಅದೇ ವಾರ ಶಹಾಪುರದ ಕಡೆ ಎರೆ ಹೊಲ ಬಾಯಿ ಬಿಟ್ಟಿರಬಹುದು. ಸುದ್ದಿಯೂ ಸುಳ್ಳಲ್ಲ, ಹೊಲದ ಬಿರುಕೂ ಸುಳ್ಳಲ್ಲ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಉತ್ತರ ಹೈಸ್ಕೂಲಿನ ಗಣಿತ ಪುಸ್ತಕದಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಬಹುಮಂದಿ ಮರೆತುಬಿಡುವ ಸಂಖ್ಯಾಶಾಸ್ತ್ರದ ಪಾಠ ಅದು.

ವಾಡಿಕೆ ಮಳೆ ಎಂದರೆ ಹಲವು ವರ್ಷಗಳ ಮಳೆಯ ಸರಾಸರಿ. ಭಾರತೀಯ ಹವಾಮಾನ ಇಲಾಖೆ ಈಗ ಇದಕ್ಕೆ 1971ರಿಂದ 2020ರವರೆಗಿನ 50 ವರ್ಷಗಳ ಲೆಕ್ಕ ಹಿಡಿಯುತ್ತದೆ. ಅದರಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಮುಂಗಾರಿನ ಸರಾಸರಿ ಸುಮಾರು 87 ಸೆಂಟಿಮೀಟರ್. ಜಿಲ್ಲೆಯೊಂದರ ಮಳೆ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚಾದರೂ ಕಡಿಮೆಯಾದರೂ ಇಲಾಖೆ ಅದನ್ನು ‘ಸಾಮಾನ್ಯ’ ಎಂದೇ ಕರೆಯುತ್ತದೆ.

ಈಗ ಲೆಕ್ಕಕ್ಕಾಗಿ ಮೂರು ಊರುಗಳನ್ನು ಊಹಿಸಿಕೊಳ್ಳೋಣ. ಒಂದು ತಿಂಗಳಲ್ಲಿ ಮೂರೂ ಕಡೆ ತಲಾ 100 ಮಿಲಿಮೀಟರ್ ಮಳೆಯಾದರೆ ಸರಾಸರಿ 100. ಒಂದೂರಿಗೆ 20, ಇನ್ನೊಂದಕ್ಕೆ 30, ಮತ್ತೊಂದಕ್ಕೆ 250 ಮಿಲಿಮೀಟರ್ ಸುರಿದರೂ ಸರಾಸರಿ 100. ಮೊದಲ ಸಂದರ್ಭದಲ್ಲಿ ಮೂರೂ ಊರು ಬದುಕುತ್ತವೆ. ಎರಡನೆಯದರಲ್ಲಿ ಎರಡು ಊರು ಒಣಗುತ್ತವೆ, ಒಂದು ಕೊಚ್ಚಿಹೋಗುತ್ತದೆ.

ಎರಡನೆಯ ಅಂಕಿ

ಸರಾಸರಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಬೇಕೆನ್ನುವುದು ಇದಕ್ಕಾಗಿಯೇ. ಅಂಕಿಗಳು ಎಷ್ಟು ಚದುರಿವೆ ಎಂಬುದನ್ನು ಅದು ಹೇಳಬೇಕು. ಇದರಲ್ಲಿ ಅತಿ ಸರಳವಾದದ್ದು ‘ವ್ಯಾಪ್ತಿ’. ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದರಾಯಿತು.

ಎರಡು ಪಂಚಾಯಿತಿಗಳಲ್ಲಿ ಐದೈದು ಹೊಲಗಳಿವೆ ಎನ್ನಿ. ಎಕರೆಗೆ ತೊಗರಿ ಇಳುವರಿ ಮೊದಲನೆಯದರಲ್ಲಿ 4, 5, 5, 5, 6 ಕ್ವಿಂಟಲ್. ಎರಡನೆಯದರಲ್ಲಿ 1, 2, 5, 8, 9. ಎರಡರ ಸರಾಸರಿಯೂ 5. ವ್ಯಾಪ್ತಿ ಮಾತ್ರ ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 8.

ವ್ಯಾಪ್ತಿಯಲ್ಲಿ ಒಂದು ಕೊರತೆಯಿದೆ. ಅದು ಎರಡು ತುದಿಗಳನ್ನು ಮಾತ್ರ ನೋಡುತ್ತದೆ. ಎಲ್ಲ ಅಂಕಿಗಳನ್ನೂ ಲೆಕ್ಕಕ್ಕೆ ತರುವುದು ‘ಮಾನಕ ವಿಚಲನೆ’. ಈ ಅಳತೆಗೆ ಹೆಸರಿಟ್ಟವರು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್, 1893ರಲ್ಲಿ. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆಯೆಂದು ನೋಡಿ, ಆ ದೂರಗಳ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಕೊನೆಗೆ ವರ್ಗಮೂಲ ಕಂಡುಹಿಡಿಯಬೇಕು. ವರ್ಗ ಮಾಡದಿದ್ದರೆ ಕೂಡುವ ಕಳೆಯುವ ದೂರಗಳು ಒಂದನ್ನೊಂದು ನುಂಗಿ ಸೊನ್ನೆ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಇದು ಮೊದಲ ಪಂಚಾಯಿತಿಗೆ ಸುಮಾರು 0.6, ಎರಡನೆಯದಕ್ಕೆ ಸುಮಾರು 3.2 ಬರುತ್ತದೆ.

ಸರಾಸರಿಗೆ ಇನ್ನೊಂದು ದೌರ್ಬಲ್ಯವಿದೆ: ಒಬ್ಬ ದೊಡ್ಡವನು ಸೇರಿದರೆ ಅದು ಅವನತ್ತ ವಾಲುತ್ತದೆ. ಐವರ ಜಮೀನು 1, 2, 2, 3, 17 ಎಕರೆ ಇದ್ದರೆ ಸರಾಸರಿ 5 ಎಕರೆ. ಐದು ಎಕರೆ ಇರುವವರು ಅಲ್ಲಿ ಯಾರೂ ಇಲ್ಲ; ನಾಲ್ವರು ಅದಕ್ಕಿಂತ ಕೆಳಗಿದ್ದಾರೆ. ಸಾಲಿನ ನಡುವೆ ನಿಂತವನ ಅಂಕಿ, ಅಂದರೆ ‘ಮಧ್ಯಾಂಕ’, 2 ಎಕರೆ. ಆ ಊರಿನ ಸ್ಥಿತಿಗೆ ಇದೇ ಹೆಚ್ಚು ಹತ್ತಿರ.

ಬಿಮೆಯ ಲೆಕ್ಕ

ಇದು ಬರಿಯ ಶಾಲಾ ಲೆಕ್ಕವಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ನಿಂತಿರುವುದೇ ಸರಾಸರಿಯ ಮೇಲೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಹಿಂದಿನ ಏಳು ವರ್ಷಗಳ ಇಳುವರಿಯನ್ನು ಆಧರಿಸಿ ಒಂದು ಮಟ್ಟ ನಿಗದಿ ಮಾಡುತ್ತಾರೆ. ಈ ವರ್ಷದ ಸರಾಸರಿ ಇಳುವರಿ ಅದಕ್ಕಿಂತ ಕಡಿಮೆಯಾದರೆ ಆ ಬೆಳೆಗೆ ಬಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಇಲ್ಲವಾದರೆ ಯಾರಿಗೂ ಇಲ್ಲ.

ನಿಗದಿತ ಮಟ್ಟ 4 ಕ್ವಿಂಟಲ್ ಎಂದಿಟ್ಟುಕೊಂಡರೆ ಮೇಲಿನ ಎರಡೂ ಪಂಚಾಯಿತಿಗಳಿಗೆ ಪರಿಹಾರವಿಲ್ಲ. ಮೊದಲನೆಯದರಲ್ಲಿ ಇದರಿಂದ ಯಾರಿಗೂ ಅನ್ಯಾಯವಿಲ್ಲ. ಎರಡನೆಯದರಲ್ಲಿ ಒಂದು ಕ್ವಿಂಟಲ್ ಬೆಳೆದವನೂ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಕಂತು ಕಟ್ಟಿಯೂ ಹಣ ಬರಲಿಲ್ಲವೆಂಬ ದೂರಿನ ಹಿಂದೆ ಹಲವು ಸಲ ಇರುವುದು ಈ ಗಣಿತ.

ಪ್ರತಿ ಹೊಲವನ್ನೂ ಅಳೆಯುವುದು ಕಷ್ಟಸಾಧ್ಯವಾದ್ದರಿಂದ ಕೆಲವೇ ಹೊಲಗಳನ್ನು ಆಯ್ದು ಬೆಳೆ ಕಟಾವು ಪ್ರಯೋಗ ನಡೆಸುತ್ತಾರೆ. ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ ನಡೆಯಬೇಕೆಂಬುದು ನಿಯಮ. ಹೊಲಗಳೆಲ್ಲ ಒಂದೇ ತೆರನಾಗಿದ್ದರೆ ನಾಲ್ಕು ಸಾಕು; ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಲುವಂತೆ. ಆದರೆ ಅಲ್ಲಿ ಕಾಲುವೆ ನೀರು, ಇಲ್ಲಿ ಬರಿ ಮಳೆ, ಒಂದೆಡೆ ಎರೆ, ಮತ್ತೊಂದೆಡೆ ಕೆಂಪು ಮಣ್ಣು ಇರುವಲ್ಲಿ ನಾಲ್ಕು ಹೊಲ ಇಡೀ ಪಂಚಾಯಿತಿಯ ಕಥೆ ಹೇಳಲಾರವು. ಘಟಕ ಚಿಕ್ಕದಾದಷ್ಟೂ, ಒಳಗಿನ ಅಂತರ ಕಡಿಮೆಯಾದಷ್ಟೂ ಸರಾಸರಿ ಹೆಚ್ಚು ನ್ಯಾಯವಾಗಿರುತ್ತದೆ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ ಮಾತ್ರ ಹೊಲದ ಲೆಕ್ಕವೇ ಬೇರೆ. 72 ಗಂಟೆಯೊಳಗೆ ತಿಳಿಸಿದರೆ ಆ ಒಂದು ಹೊಲದ ಹಾನಿಯನ್ನೇ ಅಂದಾಜು ಮಾಡಬೇಕೆಂಬ ನಿಯಮವಿದೆ.

ಯಾವ ಮಳೆ?

ಮಳೆ ಊರಿನಿಂದ ಊರಿಗಷ್ಟೇ ಅಲ್ಲ, ದಿನದಿಂದ ದಿನಕ್ಕೂ ಚದುರುತ್ತದೆ. 2009ರಲ್ಲಿ ದೇಶದ ಮುಂಗಾರು ಶೇ 22ರಷ್ಟು ಕೊರತೆಯಾಗಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಕೆಲವೇ ದಿನಗಳ ಮಳೆಗೆ ಉತ್ತರ ಕರ್ನಾಟಕ ಭೀಕರ ನೆರೆ ಕಂಡಿತು. ಯಾದಗಿರಿ ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಆ ವರ್ಷದ ಡಿಸೆಂಬರ್ 30ರಂದು. ಬರ ಮತ್ತು ನೆರೆ ಎರಡನ್ನೂ ಕೂಡಿಸಿ ಭಾಗಿಸಿದರೆ ಒಳ್ಳೆಯ ವರ್ಷವೊಂದು ಕಾಗದದ ಮೇಲೆ ಹುಟ್ಟಬಹುದು, ಹೊಲದಲ್ಲಿ ಅಲ್ಲ.

ಈ ಭಾಗದ ಒಕ್ಕಲುತನಕ್ಕೆ ಇದು ಹೊಸ ವಿಷಯವಲ್ಲ. ನಮ್ಮ ಹಿರಿಯರು ಮಳೆಯನ್ನು ವರ್ಷದ ಒಟ್ಟು ಮೊತ್ತವಾಗಿ ಎಣಿಸಲಿಲ್ಲ. ರೋಹಿಣಿ, ಮಿರಗ, ಆರಿದ್ರ ಎಂದು ನಕ್ಷತ್ರಕ್ಕೊಂದು ಹೆಸರಿಟ್ಟು, ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಬೇರೆ ಬೇರೆ ಲೆಕ್ಕ ಇಟ್ಟರು. ಮಿರಗ ಕೈಕೊಟ್ಟರೆ ಹೆಸರು ಬಿತ್ತನೆ ತಪ್ಪುತ್ತದೆ. ಮುಂದೆ ಎಷ್ಟು ಸುರಿದರೂ ಆ ಹದ ಮರಳದು. ಎಷ್ಟು ಮಳೆ ಎಂದು ಕೇಳುವ ಮುನ್ನ ಯಾವ ಮಳೆ, ಯಾವ ಹೊಲಕ್ಕೆ ಎಂದು ಕೇಳುವ ಒಕ್ಕಲಿಗ, ಸರಾಸರಿಯ ಜೊತೆಗೆ ಇನ್ನೊಂದು ಅಂಕಿಯನ್ನೂ ಕೇಳುತ್ತಿರುತ್ತಾನೆ.