ಹುಲ್ಲು ಉಳಿದರೆ ಎಮ್ಮೆ, ಎಮ್ಮೆ ಉಳಿದರೆ ಮಂದು

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ಹೋದರೆ ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಗೂಡಲೂರು, ಎಡಕ್ಕೆ ಮಸಿನಗುಡಿ. ಯಾವ ದಾರಿ ಹಿಡಿದರೂ ಕೊನೆಗೆ ಸೇರುವುದು ಉದಕಮಂಡಲಕ್ಕೇ. ನಮ್ಮ ಕಡೆಯಿಂದ ಹೋಗುವ ಬಹುತೇಕರ ಪಟ್ಟಿಯಲ್ಲಿ ಸಸ್ಯೋದ್ಯಾನ, ಕೆರೆಯ ದೋಣಿ, ದೊಡ್ಡಬೆಟ್ಟ, ಚಾಕೊಲೇಟ್ ಇರುತ್ತವೆ. ಗೂಡಲೂರು ದಾರಿಯಲ್ಲಿ ನಡುವಟ್ಟಂ, ಪೈಕಾರ ಕಳೆದ ಮೇಲೆ ಒಂಬತ್ತನೇ ಮೈಲಿಯ ಹತ್ತಿರ ಎರಡೂ ಬದಿಗೆ ತೆರೆದುಕೊಳ್ಳುವ ಹುಲ್ಲುಬೆಟ್ಟಗಳ ಮುಂದೆ ಎಲ್ಲರೂ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಸಿನಿಮಾ ಹಾಡುಗಳ ಜಾಗವೆಂದು ಎಲ್ಲರಿಗೂ ಗೊತ್ತು. ಶತಮಾನಗಳಿಂದ ಎಮ್ಮೆ ಕಾಯ್ದುಕೊಂಡು ಬಂದ ತೋಡರ ನೆಲವೆಂದು ಗೊತ್ತಿರುವವರು ಕಡಿಮೆ.

ತೋಡರ ಹೆಸರು ನಮಗೆ ಹೊಸದೇನಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಗಿರಿಯನ್ನು ಗೆದ್ದದ್ದನ್ನೂ ತೋಡರನ್ನು ಬೆದರಿಸಿದ್ದನ್ನೂ ಚಾಮರಾಜನಗರದ 1117ರ ಶಾಸನ ದಾಖಲಿಸಿದೆ. ಯುರೋಪಿನ ಪಾದ್ರಿಗಳು ಈ ಬೆಟ್ಟ ಹತ್ತಿ ತೋಡರನ್ನು ಕಂಡದ್ದು ಅದಾಗಿ ಸುಮಾರು ಐದು ಶತಮಾನಗಳ ಮೇಲೆ, 1603ರ ಹೊತ್ತಿಗೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಇಲ್ಲಿಗೆ ಬಂದ. 1822ರಲ್ಲಿ ಕಲ್ಲಿನ ಮನೆ ಕಟ್ಟಲು ತೊಡಗಿದ. ಊಟಿ ಪಟ್ಟಣ ಬೆಳೆದದ್ದು ಆ ಮನೆಯ ಸುತ್ತ. ನೆಲದ ಹಕ್ಕು ತೋಡರದ್ದೆಂದು ಸರ್ಕಾರದ ಮುಂದೆ ವಾದಿಸಿದವನೂ ಅವನೇ. ಆ ವಾದ ನಿಲ್ಲಲಿಲ್ಲ, ಪಟ್ಟಣ ನಿಂತಿತು.

ಇಂದು ತೋಡರ ಜನಸಂಖ್ಯೆ ಹೆಚ್ಚೆಂದರೆ ಎರಡು ಸಾವಿರದ ಆಸುಪಾಸು. ಅವರ ಪುಟ್ಟ ಊರಿಗೆ ಮಂದು ಎನ್ನುತ್ತಾರೆ. ಒಂದು ಮಂದಿನಲ್ಲಿ ಕೆಲವೇ ಮನೆಗಳು, ಪಕ್ಕದಲ್ಲಿ ಕಲ್ಲುಗೋಡೆಯ ಎಮ್ಮೆದೊಡ್ಡಿ, ಸ್ವಲ್ಪ ದೂರಕ್ಕೆ ಹಾಲಿನ ಗುಡಿ, ಹಿಂದೆ ಕಣಿವೆಯ ಮಡಿಲಲ್ಲಿ ಬೆಳೆಯುವ ಶೋಲಾ ಕಾಡಿನ ಒಂದು ತುಂಡು, ಹತ್ತಿರದಲ್ಲೇ ಹರಿಯುವ ತೊರೆ. ಹಳೆಯ ಕಾಲದ ತೋಡ ಮನೆ ನೋಡಲು ಎತ್ತಿನ ಗಾಡಿಯ ಕಮಾನಿನಂತೆ ಇರುತ್ತದೆ. ಬಿದಿರನ್ನು ಬಾಗಿಸಿ, ಬೆತ್ತದಿಂದ ಒತ್ತೊತ್ತಾಗಿ ಬಿಗಿದು, ಮೇಲೆ ಹುಲ್ಲು ಹೊದಿಸಿರುತ್ತಾರೆ. ಉದ್ದ ಸುಮಾರು 18 ಅಡಿ, ಎತ್ತರ 10 ಅಡಿ, ಬಾಗಿಲು ಮಾತ್ರ ಮೂರೇ ಅಡಿ. ದೊಡ್ಡವರು ಕೈಕಾಲು ಊರಿ ತೆವಳಿಕೊಂಡೇ ಒಳಗೆ ಹೋಗಬೇಕು. ಬೆಟ್ಟದ ಚಳಿಗಾಳಿ ಮನೆಯೊಳಗೆ ನುಗ್ಗದಂತೆ, ಕಾಡುಪ್ರಾಣಿ ಸುಲಭವಾಗಿ ಹೊಗದಂತೆ ಮಾಡಿಕೊಂಡ ಏರ್ಪಾಡು ಇದು. ಈಗ ಹೆಚ್ಚಿನವರು ವಾಸಿಸುವುದು ಸಿಮೆಂಟಿನ ಮನೆಗಳಲ್ಲಿ. ಆದರೆ ಗುಡಿಯನ್ನು ಮಾತ್ರ ಹಳೆಯ ಕ್ರಮದಲ್ಲೇ ಕಟ್ಟುತ್ತಾರೆ. ಊಟಿಗೆ ಹತ್ತಿರದ ಮುತ್ತನಾಡು ಮಂದಿನಲ್ಲಿರುವ ಶಂಕುವಿನಾಕಾರದ ಎತ್ತರದ ಗುಡಿಯನ್ನು ದೂರದಿಂದ ನೋಡಬಹುದು. ಅದರ ಸುತ್ತಲ ಕಲ್ಲುಗೋಡೆ ದಾಟುವ ಅಧಿಕಾರ ಹೊರಗಿನವರಿಗಿಲ್ಲ.

ಆ ಗುಡಿಯೊಳಗೆ ನಡೆಯುವ ಕೆಲಸ ಹಾಲು ಕಡೆಯುವುದು. ತೋಡರಲ್ಲಿ ದೇವರ ಎಮ್ಮೆಗಳ ಹಿಂಡೇ ಬೇರೆ, ಮನೆಯ ಎಮ್ಮೆಗಳೇ ಬೇರೆ. ದೇವರ ಹಿಂಡಿನಲ್ಲೂ ದರ್ಜೆಗಳಿವೆ, ಒಂದೊಂದು ದರ್ಜೆಗೆ ಒಂದೊಂದು ಗುಡಿ. ಹಾಲು ಕರೆದು, ಮೊಸರು ಮಾಡಿ, ಕಡೆದು ಬೆಣ್ಣೆ ತೆಗೆದು, ತುಪ್ಪ ಕಾಯಿಸುವ ಪ್ರತಿ ಹೆಜ್ಜೆಗೂ ಪೂಜಾರಿಯ ಮಡಿ, ಮಂತ್ರ, ಪ್ರತ್ಯೇಕ ಪಾತ್ರೆಗಳಿವೆ. ಪೂಜಾರಿ ಹುದ್ದೆಯಲ್ಲಿರುವಷ್ಟು ಕಾಲ ಸಂಸಾರದಿಂದ ದೂರ ಇರಬೇಕು. ಇಂಗ್ಲೆಂಡಿನ ಡಬ್ಲ್ಯು.ಎಚ್.ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ 'ದಿ ತೋಡಾಸ್' ಎಂಬ ದಪ್ಪ ಪುಸ್ತಕದಲ್ಲಿ ಈ ಹಾಲಿನ ಆಚಾರಗಳಿಗೇ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಅವನು ದಾಖಲಿಸಿದ ಸೃಷ್ಟಿಕಥೆಯಲ್ಲಿ ದೇವರು ನೆಲದೊಳಗಿಂದ ಎಮ್ಮೆಗಳನ್ನು ಮೇಲಕ್ಕೆ ಕರೆಯುತ್ತಾನೆ. ಕೊನೆಯ ಎಮ್ಮೆಯ ಬಾಲ ಹಿಡಿದು ಮೊದಲ ತೋಡ ಮನುಷ್ಯ ಹೊರಬರುತ್ತಾನೆ. ಸತ್ತ ಮೇಲೂ ಈ ಜೊತೆ ಬಿಡುವುದಿಲ್ಲ. ಮನುಷ್ಯರ ಆತ್ಮವೂ ಎಮ್ಮೆಗಳ ಆತ್ಮವೂ ಮುಕುರ್ತಿ ಶಿಖರದಿಂದ ಆಚೆಯ ಲೋಕಕ್ಕೆ ಹೋಗುತ್ತವೆಂದು ನಂಬಿಕೆ. ಹಾಲುತುಪ್ಪದ ಮೇಲೆ ಬದುಕಿದ ಈ ಜನ ಸಾಮಾನ್ಯವಾಗಿ ಮಾಂಸ ತಿನ್ನುವುದಿಲ್ಲ.

ತೋಡ ಎಮ್ಮೆ ನಮ್ಮ ಬಯಲುಸೀಮೆಯ ಎಮ್ಮೆಯಂತಲ್ಲ. ದೊಡ್ಡ ಮೈಕಟ್ಟು, ಕಂದು ಇಲ್ಲವೇ ಬೂದು ಬಣ್ಣ, ಅರ್ಧಚಂದ್ರದಂತೆ ಹರಡಿದ ಕೊಂಬು. ಹಗಲೆಲ್ಲ ಬೆಟ್ಟದ ಮೇಲೆ ತಾನೇ ಮೇಯುತ್ತದೆ. ಅಪರಿಚಿತರು ಹತ್ತಿರ ಹೋದರೆ ತಲೆ ಎತ್ತಿ ನೋಡುತ್ತದೆ, ಇನ್ನೂ ಹತ್ತಿರ ಹೋದರೆ ನುಗ್ಗಿ ಬರುತ್ತದೆ. ಕೊಡುವ ಹಾಲು ಕಡಿಮೆ, ಆದರೆ ಅದರ ಕೊಬ್ಬಿನಂಶ ಶೇಕಡ 8ರಷ್ಟು. ವರ್ಷದ ಕೆಲವು ಹೊತ್ತಿನಲ್ಲಿ ಇವುಗಳಿಗೆ ಉಪ್ಪುನೀರು ಕುಡಿಸುವುದೇ ಒಂದು ಹಬ್ಬ. ಬೇಸಿಗೆಯಲ್ಲಿ ಊಟಿ ಸುತ್ತಲಿನ ಹುಲ್ಲು ಒಣಗಿದಾಗ ಹಿಂಡುಗಳನ್ನು ಪಶ್ಚಿಮಕ್ಕೆ, ಹೆಚ್ಚು ಮಳೆ ಬೀಳುವ ಕುಂದಾ ಬೆಟ್ಟಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿಯೂ ಮಂದುಗಳಿದ್ದವು, ಗುಡಿಗಳಿದ್ದವು. ಕುಟುಂಬವೇ ಎದ್ದು ಹೋಗಿ ಮಳೆ ಬರುವವರೆಗೆ ಅಲ್ಲಿ ಇರುತ್ತಿತ್ತು. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಂಗೋಲಿಯಾದ ದನಗಾಹಿಗಳು ಋತುವಿಗೊಂದು ಬೀಡು ಬದಲಿಸುವ ಹಾಗೆಯೇ ಇಲ್ಲಿಯೂ ಬೇಸಿಗೆಯ ನೆಲೆ ಬೇರೆ, ಮಳೆಗಾಲದ ನೆಲೆ ಬೇರೆ. ನಡೆಯುವ ದೂರ ಮಾತ್ರ ಚಿಕ್ಕದು.

ಈ ಬದುಕು ಒಂಟಿಯಾಗಿ ನಡೆದದ್ದಲ್ಲ. ಮಡಕೆ, ಕಬ್ಬಿಣದ ಹತಾರ, ಸಾವಿನ ಮನೆಯ ವಾದ್ಯ ನೆರೆಯ ಕೋತ ಸಮುದಾಯದಿಂದ ಬರುತ್ತಿದ್ದವು. ಮೈಸೂರು ಸೀಮೆಯಿಂದ ಬಂದು ನೆಲೆನಿಂತ, ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರು ರಾಗಿ, ಸಾಮೆ ಕೊಡುತ್ತಿದ್ದರು. ಕಾಡಿನ ಸಾಮಗ್ರಿ ಕಾಡುವಾಸಿ ಕುರುಂಬರದು. ತೋಡರು ತಮ್ಮ ಪಾಲಿಗೆ ತುಪ್ಪವನ್ನೂ ಎಮ್ಮೆಯನ್ನೂ ಕೊಡುತ್ತಿದ್ದರು.

ಇವೆಲ್ಲದರ ಬುಡಕ್ಕೆ ಕೊಡಲಿ ಬಿದ್ದದ್ದು ಮರ ನೆಡುವುದರಿಂದ. ಕೇಳಲು ವಿಚಿತ್ರವೆನಿಸಬಹುದು. ಮರವಿಲ್ಲದ ಗುಡ್ಡವೆಂದರೆ ಬೋಳುಗುಡ್ಡ, ಅಲ್ಲಿ ನಾಲ್ಕು ಗಿಡ ನೆಟ್ಟರೆ ಪುಣ್ಯ ಎಂಬ ಮಾತಿನಲ್ಲೇ ನಾವೆಲ್ಲ ಬೆಳೆದವರು. ನೀಲಗಿರಿಯ ನೆತ್ತಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಲೈಕುಂದಾ, ಅವಲಾಂಚೆಯ ಬಯಲಲ್ಲಿ ಹಿಮ ಕಟ್ಟುತ್ತದೆ. ಆ ಚಳಿಗೆ ಶೋಲಾ ಮರದ ಸಸಿ ಬಯಲಲ್ಲಿ ಬದುಕುವುದು ಕಷ್ಟ. ಹಾಗಾಗಿ ಕಣಿವೆಯ ಮಡಿಲಲ್ಲಿ ಕಾಡು, ಬೆಟ್ಟದ ಮೈಮೇಲೆಲ್ಲ ಹುಲ್ಲು. ಹುಲ್ಲಿನ ಬೇರು ಮಳೆನೀರನ್ನು ಹಿಡಿದಿಟ್ಟು, ತಗ್ಗಿನ ಜೌಗಿಗೆ ಇಳಿಸಿ, ಬೇಸಿಗೆಯವರೆಗೂ ತೊರೆಗಳಿಗೆ ಬಿಡುತ್ತದೆ. ಪೈಕಾರ ಹೊಳೆ ಕೆಳಗಿಳಿದು ಮೋಯಾರ್ ಆಗಿ ಕರ್ನಾಟಕ, ತಮಿಳುನಾಡಿನ ಗಡಿಯಲ್ಲಿ ಹರಿದು ಭವಾನಿ ಸೇರುತ್ತದೆ. ಭವಾನಿ ಕಾವೇರಿಗೆ ಹೋಗುತ್ತದೆ.

ಬ್ರಿಟಿಷರ ಕಣ್ಣಿಗೆ ಈ ಹುಲ್ಲು ಪಾಳುಭೂಮಿಯಾಗಿ ಕಂಡಿತು. 19ನೇ ಶತಮಾನದಲ್ಲಿ ಸೌದೆಗೆಂದು ನೀಲಗಿರಿ ಮರ ಬಂತು. ಸ್ವಾತಂತ್ರ್ಯದ ನಂತರ ಚರ್ಮ ಹದ ಮಾಡುವ ತೊಗಟೆಗೆಂದು ವ್ಯಾಟಲ್, ಕಾರ್ಖಾನೆಗಳ ತಿರುಳಿಗೆಂದು ಮತ್ತಷ್ಟು ನೀಲಗಿರಿ ನೆಟ್ಟರು. ಟೀ, ಆಲೂಗಡ್ಡೆ, ಅಣೆಕಟ್ಟುಗಳ ಹಿನ್ನೀರು ಉಳಿದದ್ದನ್ನು ತಿಂದವು. ವ್ಯಾಟಲ್ ತಾನಾಗಿ ಹಬ್ಬುವ ಜಾತಿ, ನೆಡದ ಕಡೆಯೂ ನುಗ್ಗಿತು. ಜೌಗು ಒಣಗಿತು. ಗುಡಿಗೆ ಹೊದಿಸಲು ತೋಡರು ಆರಿಸುವ ಹುಲ್ಲು ಈ ಜೌಗಿನಲ್ಲೇ ಬೆಳೆಯುವಂಥದ್ದು, ಈಗ ಅದು ಅಪರೂಪ. ಹುಲ್ಲುಗಾವಲು ಕುಗ್ಗಿದಂತೆ ಹಿಂಡು ಕುಗ್ಗಿತು, ಹಿಂಡು ಕುಗ್ಗಿದಂತೆ ಪೂಜಾರಿಯಿಲ್ಲದೆ ಗುಡಿಗಳು ಮುಚ್ಚಿದವು. ಎಲ್ಲಕ್ಕಿಂತ ಮೇಲಿನ ದರ್ಜೆಯ ದೇವರ ಹಿಂಡೂ ಅದರ ಪೂಜಾರಿಯ ಪರಂಪರೆಯೂ ಇಂದು ಇಲ್ಲ. ಹುಲ್ಲನ್ನು ಮತ್ತೆ ಬೆಳೆಸುವ ಪ್ರಯತ್ನಗಳು ಅಲ್ಲಲ್ಲಿ ನಡೆದಿವೆ. ಊಟಿಯ ದಂತವೈದ್ಯ ತರುಣ್ ಛಾಬ್ರಾ ತೋಡರ ಜೊತೆಗೂಡಿ ಈ ಕೆಲಸದಲ್ಲಿ ತೊಡಗಿದವರಲ್ಲಿ ಒಬ್ಬರು. ವ್ಯಾಟಲ್ ಕಿತ್ತರಷ್ಟೇ ಸಾಲದು, ಬಯಲಿಗೆ ಎಮ್ಮೆಯೂ ಎಮ್ಮೆ ಕಾಯುವವರೂ ಮರಳಬೇಕು.

ಬೆಟ್ಟದ ಕೆಳಗಿನ ಮಸಿನಗುಡಿಯಲ್ಲಿ ಇನ್ನೊಂದು ಬಗೆಯ ಪಶುಪಾಲನೆ ಇದೆ. ಇಲ್ಲಿ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಕುರುಚಲು ಕಾಡಿನಲ್ಲಿ ಮೇಯುವ ದನಗಳನ್ನು ಹಾಲಿಗಿಂತ ಹೆಚ್ಚಾಗಿ ಸಗಣಿಗಾಗಿ ಸಾಕುತ್ತಾರೆ. ಒಣಸಗಣಿ ಕೇರಳದ ತೋಟಗಳಿಗೆ ಲಾರಿಗಳಲ್ಲಿ ಹೋಗುತ್ತದೆ. ಹುಲಿ ಭಯ ಇದ್ದದ್ದೇ. ದನಗಳನ್ನೂ ಜನರನ್ನೂ ಕೊಂದ ಟಿ-23 ಹುಲಿಯನ್ನು 2021ರ ಅಕ್ಟೋಬರ್‌ನಲ್ಲಿ ಇಲ್ಲೇ ಜೀವಂತ ಹಿಡಿದು ಮೈಸೂರಿಗೆ ಸಾಗಿಸಿದರು. ಸೀಗೂರು, ಮೋಯಾರ್ ಕಣಿವೆಯ ರಣಹದ್ದುಗಳು ಸತ್ತ ದನಗಳನ್ನೂ ನಂಬಿಕೊಂಡಿವೆ. ಸತ್ತ ದನದ ಮೈಯಲ್ಲಿ ಉಳಿದು ಈ ಹದ್ದುಗಳನ್ನು ಕೊಲ್ಲುವ ಡೈಕ್ಲೋಫೆನಾಕ್ ಔಷಧವನ್ನು ದನಗಳ ಚಿಕಿತ್ಸೆಗೆ ಬಳಸುವುದನ್ನು 2006ರಲ್ಲಿ ನಿಷೇಧಿಸಿದ ಮೇಲೆಯೂ ದನಗಾಹಿಗಳ ಎಚ್ಚರವೇ ಅವುಗಳಿಗೆ ಆಸರೆ.

ಹೋಗುವವರಿಗೆ

ಮೈಸೂರಿನಿಂದ ಮಸಿನಗುಡಿ ಮೂಲಕ ಊಟಿಗೆ ಸುಮಾರು 125 ಕಿ.ಮೀ. ಈ ದಾರಿಯ ಕಲ್ಲಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಹೆಚ್ಚಿನ ಬಸ್ಸುಗಳು ಗೂಡಲೂರು ದಾರಿ ಹಿಡಿಯುತ್ತವೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಜಾರಿಗೆ ಬಂದಿದೆ. ಮುಂಗಾರು ಮುಗಿದ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ, ಹುಲ್ಲು ಹಸಿರಾಗಿರುತ್ತದೆ. ಅವಲಾಂಚೆಗೆ ಅರಣ್ಯ ಇಲಾಖೆಯ ವಾಹನದಲ್ಲಿ ಹೋಗಬಹುದು.

ಮಂದು ಪ್ರದರ್ಶನದ ಜಾಗವಲ್ಲ, ಜನ ವಾಸಿಸುವ ಮನೆ. ಪರಿಚಯದವರ ಮೂಲಕ ಮೊದಲೇ ಕೇಳಿಕೊಂಡು ಹೋಗಿ. ಉಳಿಯುವ ಅವಕಾಶ ಸಿಕ್ಕರೆ ಅವರ ಹೊತ್ತಿಗೆ ನಿಮ್ಮ ಹೊತ್ತನ್ನು ಹೊಂದಿಸಿಕೊಳ್ಳಿ. ಕಿರಿಯರು ಮಂಡಿಯೂರಿ ತಲೆಬಾಗಿದಾಗ ಹಿರಿಯರು ಪಾದ ತಾಗಿಸಿ ಹರಸುವುದು ಕಣ್ಣಿಗೆ ಬಿದ್ದರೆ ಮೊಬೈಲ್ ಹೊರತೆಗೆಯಬೇಡಿ. ಗುಡಿಯ ಹತ್ತಿರ ಹೋಗಬೇಡಿ, ಎಮ್ಮೆಗಳ ದಾರಿಗೆ ಅಡ್ಡ ನಿಲ್ಲಬೇಡಿ. ಬಿಳಿ ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ಎಳೆಗಳಿಂದ ತೋಡ ಹೆಂಗಸರು ಕಸೂತಿ ಹಾಕುತ್ತಾರೆ. ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಆಡಿಸುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಊಟಿಯ ಅಂಗಡಿಗಳಲ್ಲಿ ಯಂತ್ರದ ನಕಲುಗಳೂ ಸಿಗುತ್ತವೆ. ಚೌಕಾಸಿ ಮಾಡದೆ, ಹಾಕಿದವರ ಕೈಯಿಂದಲೇ ಕೊಂಡುಕೊಳ್ಳಿ. ಎಮ್ಮೆಗಳು ಕಡಿಮೆಯಾದ ಮನೆಗಳಲ್ಲಿ ಈಗ ಆ ದುಡ್ಡಿನಿಂದಲೂ ಸಂಸಾರ ನಡೆಯಬೇಕಾಗಿದೆ.